ಬೋರ್ಬಾಲಾಳ ಬೀಗದಕೈ

ಕ್ಲೀವ್‌ಲ್ಯಾಂಡ್,
ಮೇ 4, 1986

ಅರ್ಲೀನ್,

ಮೊದಲು ‘ಪ್ರೀತಿಯ’ ಅಂತ ಸೇರಿಸಿದ್ದೆ, ಆಮೇಲೆ ತೆಗೆದುಹಾಕಿದೆ. ತೆಗೆದದ್ದು ನಿನಗೆ ಗೊತ್ತಾಗಲಿ ಅಂತಲೇ ಹೇಳುತ್ತಿದ್ದೇನೆ.

ನಿನ್ನ ಲಕೋಟೆ ಬಂದು ಹತ್ತು ದಿನವಾಯಿತು. ಈ ತಿಂಗಳ ಕೊನೆಯ ಭಾನುವಾರ ಟ್ಯಾಲ್ಮನ್ ಫೋರ್ಕ್‌ನ ಹಳಬರೆಲ್ಲ ಗುಡ್ಡದ ಸಮಾಧಿಗಳಿಗೆ ಹೂವಿಡಲು ಸೇರುವಾಗ, ಪಕ್ಕದೂರಿನ ಚರ್ಚಿನಲ್ಲಿ ನೀನು ನಮ್ಮ ಊರಿನ ನೆನಪಿಗೊಂದು ಕೋಣೆ ತೆರೆಯುತ್ತೀಯಂತೆ. ಗಾಜಿನ ಪೆಟ್ಟಿಗೆಯ ಫೋಟೋ ಇಟ್ಟಿದ್ದೀ. ಅದರ ನಡುವೆ ಒಂದು ಹಿತ್ತಾಳೆ ಬೀಗದಕೈ, ಅದಕ್ಕೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ 41. “ಅಪ್ಪನ ಮೇಜಿನಲ್ಲಿ ಸಿಕ್ಕಿತು ಪಿರೋಶ್ಕಾ, ನಿಮ್ಮ ಮನೆಯದೇ. ನೋಡಿದರೆ ಖುಷಿಪಡುತ್ತೀ” ಅಂತ ಬರೆದಿದ್ದೀ. ಪೆಟ್ಟಿಗೆಯ ಕೆಳಗೆ ಹಾಕುವ ಬರಹವನ್ನೂ ಕಳಿಸಿದ್ದೀ: “ನಾವೆಲ್ಲ ಒಂದೇ ಕುಟುಂಬದಂತೆ ಬಾಳಿದೆವು. ಯಾರ ಮನೆಯಲ್ಲಿ ಸಾವಾದರೂ ಅವರ ಬಾಗಿಲಿಗೆ ಎಲ್ಲರ ಬ್ರೆಡ್ಡೂ ಬರುತ್ತಿತ್ತು.” ತಪ್ಪಿದ್ದರೆ ತಿದ್ದು ಅಂದಿದ್ದೀ. ತಿದ್ದುತ್ತೇನೆ, ಕೂತು ಓದು.

ಊರು ಕೆಟ್ಟದಾಗಿತ್ತು ಅಂತ ನಾನು ಹೇಳುವುದಿಲ್ಲ. ಅದೇ ನನ್ನ ಸಂಕಟ. ಕಲ್ಲಿದ್ದಲು ಗಣಿಯ ಸೀಟಿ ಸಂಜೆ ಒಂದು ಸಲ ಕೂಗಿದರೆ ನಾಳೆ ಕೆಲಸವಿದೆ ಅಂತ ನಾವು ಮಕ್ಕಳೆಲ್ಲ ಬೀದಿಗೆ ಬಂದು ಕುಣಿಯುತ್ತಿದ್ದೆವು. ಅಪ್ಪಂದಿರು ಊಟದ ಡಬ್ಬಿಯಲ್ಲಿ ಒಂದು ತುಣುಕು ಕೇಕು ಉಳಿಸಿಕೊಂಡು ಬರುತ್ತಿದ್ದರು, ಗೇಟಿಗೆ ಮೊದಲು ಓಡಿದವರಿಗೆ ಅದು. ನಮ್ಮ ಸಾಲಿನ ಹಿಂದೆ ಬ್ರೆಡ್ಡು ಬೇಯಿಸುವ ಇಟ್ಟಿಗೆಯ ದೊಡ್ಡ ಒಲೆ, ಹನ್ನೊಂದು ಮನೆಗೆ ಒಂದೇ. ಗಂಡಸರೇ ಕಟ್ಟಿಕೊಂಡದ್ದು. ಹಂಗೇರಿಯವರು, ಇಟಲಿಯವರು ಇರುವ ಸಾಲಿಗೂ ಹೊಳೆಯಾಚೆಯ ಕಪ್ಪು ಜನರ ಸಾಲಿಗೂ ಗಣಿ ಕಂಪನಿ ನಡುವೆ ಗೆರೆ ಎಳೆದಿತ್ತಲ್ಲ, ಶನಿವಾರ ಮಾತ್ರ ಓಜೆಲ್ಲಾ ಚಿಕ್ಕಮ್ಮ ನಾದಿದ ಹಿಟ್ಟಿನ ಹಲಗೆ ತಲೆಯ ಮೇಲಿಟ್ಟುಕೊಂಡು ಆ ಗೆರೆ ದಾಟಿ ಬರುತ್ತಿದ್ದಳು. ಒಂದೇ ಒಲೆಯೊಳಗೆ ಯಾರದು ಯಾವುದು ಅಂತ ತಿಳಿಯಬೇಕಲ್ಲ, ಅದಕ್ಕೆ ಒಬ್ಬೊಬ್ಬಳದು ಒಂದೊಂದು ಗುರುತು. ಓಜೆಲ್ಲಾ ಹಿಟ್ಟಿನ ಮೇಲೆ ಹೆಬ್ಬೆರಳನ್ನು ಮೂರು ಸಲ ಒತ್ತುತ್ತಿದ್ದಳು. ಪಕ್ಕದ ಮನೆಯ ಕೊಂಚೆತ್ತಾ ಫೋರ್ಕಿನಿಂದ ಚುಚ್ಚುತ್ತಿದ್ದಳು. ನನ್ನವ್ವ ಸೊಂಟದಿಂದ ಮನೆಯ ಬೀಗದಕೈ ತೆಗೆದು, ಅದರ ತಲೆಯ ಬಳೆಯನ್ನು ಹಿಟ್ಟಿಗೆ ಒತ್ತುತ್ತಿದ್ದಳು.

“ಬ್ರೆಡ್ಡಿಗೂ ಬೀಗ ಹಾಕ್ತೀಯೇನೇ ಬೋರ್ಬಾಲಾ?” ಅಂತ ಕೊಂಚೆತ್ತಾ ಪ್ರತಿ ವಾರ ಕೆಣಕುತ್ತಿದ್ದಳು.

“ಹೂಂ ಕಣೇ, ನಿನ್ ಗಂಡನ್ ಹೊಟ್ಟೆ ನೋಡಿದ್ರೆ ಎರಡು ಬೀಗ ಬೇಕು ಅನ್ಸುತ್ತೆ.”

ಅವ್ವ ಹುಟ್ಟಿದ್ದು ಹಂಗೇರಿಯಲ್ಲಿ, ಜಮೀನುದಾರನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಅದಕ್ಕೆ ಬಾಗಿಲಿತ್ತು, ಬೀಗವಿರಲಿಲ್ಲ. ತನ್ನದೊಂದು ಬೀಗದಕೈ ಅಂತ ಅವಳ ಸೊಂಟಕ್ಕೆ ಬಂದದ್ದು ಟ್ಯಾಲ್ಮನ್ ಫೋರ್ಕ್‌ನಲ್ಲೇ ಮೊದಲು. ಅದು ತನ್ನದಲ್ಲ, ಕಂಪನಿಯದು ಅನ್ನುವುದನ್ನು ಅವಳು ಮರೆತಿದ್ದಳು. ಅವಳು ಮಾಡಿದ ತಪ್ಪು ಅದೊಂದೇ.

1938ರ ಅಕ್ಟೋಬರ್‌ನಲ್ಲಿ ಗಣಿಯ ಚಾವಣಿ ಕುಸಿದು ನನ್ನಪ್ಪ ಸತ್ತ. ನಿಯಮ ನಿನಗೂ ಗೊತ್ತಿತ್ತು, ಊರಿನ ನಾಯಿಗೂ ಗೊತ್ತಿತ್ತು: ಗಣಿಗೆ ಇಳಿಯುವ ಗಂಡಸಿದ್ದರೆ ಮನೆ, ಇಲ್ಲದಿದ್ದರೆ ಹದಿನಾಲ್ಕು ದಿನ. ಹದಿನಾಲ್ಕನೆಯ ದಿನ ಶನಿವಾರ ಬಿತ್ತು. ಅವ್ವ ಹಿಟ್ಟು ನಾದುತ್ತಿದ್ದಳು. ಕಂಪನಿಯ ಮನೆಗಳ ಉಸ್ತುವಾರಿ ನೋಡುತ್ತಿದ್ದ ನಿನ್ನಪ್ಪ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ನಿನ್ನಪ್ಪ ಪ್ರೂಯಿಟ್ ಸಾಹೇಬರು ಬಹಳ ಮರ್ಯಾದಸ್ಥರು.

“ನಿಯಮ ನಂದಲ್ಲಮ್ಮ, ಕಂಪನೀದು. ಬೀಗದಕೈ ಕೊಟ್ಬಿಡಿ.”

“ಎರಡು ಗಂಟೆ ತಾಳಿ. ಬ್ರೆಡ್ಡು ಬೇಯ್ಲಿ.”

“ಹೊಸಬರು ಆಗ್ಲೇ ಬಂದು ಲಾರೀಲಿ ಕೂತಿದಾರೆ.”

ಅವ್ವ ಸೊಂಟದಿಂದ ಬಿಚ್ಚಿ ಕೊಟ್ಟಳು. ಅವಳ ಕೈಯ ಹಿಟ್ಟೆಲ್ಲ ಅದಕ್ಕೆ ಅಂಟಿತ್ತು. ನಿನ್ನಪ್ಪ ಅದನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡು ಸಲ ಒರೆಸಿದ ಅರ್ಲೀನ್, ಎಣಿಸಿದ್ದೇನೆ. ಈಗ ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಅದು ಎಷ್ಟು ಫಳಫಳ ಹೊಳೆಯುತ್ತಿದೆ! ನೀನೂ ಉಜ್ಜಿರಬೇಕು.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಮ್ಮನ್ನು ತೆಗೆದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮಂಚ, ಮೇಜು, ಅಪ್ಪನ ಬೂಟು ಎಲ್ಲ ರಸ್ತೆಯಲ್ಲಿದ್ದವು. ಆಗ ಬ್ರೆಡ್ಡು ಬಂತು. ನೀನು ಬರೆದದ್ದು ಅಷ್ಟರಮಟ್ಟಿಗೆ ನಿಜ. ಒಂದೊಂದು ಮನೆಯಿಂದಲೂ ಬಂತು, ಬಿಸಿಬಿಸಿ, ಅವರವರ ಗುರುತಿನ ಸಮೇತ. ಓಜೆಲ್ಲಾ ಚಿಕ್ಕಮ್ಮ ಎರಡು ತಂದಳು. ಆದರೆ ಬಾಗಿಲಿಗೆ ಬರಲಿಲ್ಲ ಅರ್ಲೀನ್, ಬಾಗಿಲೆಲ್ಲಿತ್ತು ನಮಗೆ? ರಸ್ತೆಗೆ ಬಂತು. ಮಂಚದ ಮೇಲೆ ಸಾಲಾಗಿ ಇಟ್ಟರು. ಯಾರೊಬ್ಬರೂ “ಒಳಗೆ ಬನ್ನಿ, ಇವತ್ತೊಂದು ದಿನ ಇದ್ದು ಹೋಗಿ” ಅನ್ನಲಿಲ್ಲ. ನಮ್ಮನ್ನು ಒಳಗೆ ಕರೆದವರ ಮನೆಯ ಬೀಗದಕೈಯೂ ಸಂಜೆಯೊಳಗೆ ನಿನ್ನಪ್ಪನ ಜೇಬಿಗೆ ಹೋಗುತ್ತಿತ್ತು. “ನನ್ ಗಂಡಾನೂ ಅದೇ ಗಣಿಗೆ ಇಳೀಬೇಕಲ್ಲ ಬೋರ್ಬಾಲಾ” ಅಂತ ಕೊಂಚೆತ್ತಾ ಅಪ್ಪಿಕೊಂಡು ಅತ್ತಳು. ಅವ್ವ ಬಿಟ್ಟುಬಂದ ಹಿಟ್ಟನ್ನೂ ಅವಳೇ ಹಿತ್ತಲ ಬಾಗಿಲಿನಿಂದ ತಂದು ಬೇಯಿಸಿಕೊಟ್ಟಿದ್ದಳು. ಅದೊಂದರ ಮೇಲೆ ಮಾತ್ರ ಗುರುತಿರಲಿಲ್ಲ.

ಒಲೆಯ ಸುತ್ತ ನಾವು ನಿಜವಾಗಿಯೂ ಒಂದೇ ಕುಟುಂಬವಾಗಿದ್ದೆವು. ಆ ಕುಟುಂಬಕ್ಕೆ ಒಬ್ಬ ವಿಧವೆಯನ್ನು ಒಂದು ದಿನ ಒಳಗಿಟ್ಟುಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ. ಅದನ್ನೂ ಬರಿ. ಅದನ್ನು ಬಿಟ್ಟು ಬ್ರೆಡ್ಡನ್ನು ಮಾತ್ರ ಬರೆದರೆ, ನಮ್ಮನ್ನು ಹೊರಗೆ ಹಾಕಿದವರ ಪುಣ್ಯದ ಬುಟ್ಟಿಗೆ ನಮ್ಮವರ ಬ್ರೆಡ್ಡನ್ನೂ ಹಾಕಿದ ಹಾಗೆ.

ನೀನೂ ಬಂದೆ, ಮರೆತಿಲ್ಲ ತಾನೇ? ನಮಗಿಬ್ಬರಿಗೂ ಹತ್ತು ವರ್ಷ. ನಿಮ್ಮ ಮನೆಯ ತಗಡಿನ ಅಚ್ಚಿನಲ್ಲಿ ಬೆಂದ ಚೌಕದ ಬಿಳಿ ಬ್ರೆಡ್ಡು ಎದೆಗವುಚಿಕೊಂಡು ಓಡಿಬಂದೆ. ಅವ್ವ ಅದನ್ನು ತಗೊಂಡಳು, ನೋಡಿದಳು, ತಿರುಗಿ ನಿನ್ನ ಕೈಗೇ ಇಟ್ಟಳು. “ಇದನ್ನ ನಿಮ್ಮಪ್ಪಂಗೆ ಕೊಡು ಮಗಾ. ಬೆಳಿಗ್ಗೆಯಿಂದ ಮನೆ ಖಾಲಿ ಮಾಡ್ಸಿ ಸುಸ್ತಾಗಿದಾನೆ.” ನೀನು ಬಿಕ್ಕಿಬಿಕ್ಕಿ ಅತ್ತೆ. ಕ್ಲೀವ್‌ಲ್ಯಾಂಡ್ ತಲುಪುವವರೆಗೂ ನಾನು ಅವ್ವನ ಜೊತೆ ಮಾತಾಡಲಿಲ್ಲ. ನನ್ನ ಗೆಳತಿಯನ್ನು ಅಳಿಸಿದ್ದಕ್ಕೆ ಒಂದು, ಆ ಮೆತ್ತನೆಯ ಬ್ರೆಡ್ಡು ನನಗೆ ಬೇಕಿತ್ತು ಅನ್ನುವುದಕ್ಕೆ ಇನ್ನೊಂದು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಓಡಿಬಂದಿದ್ದಳು. ನನ್ನ ಸಿಟ್ಟೆಲ್ಲ ಐವತ್ತೆಂಟರ ಈ ಅರ್ಲೀನ್ ಮೇಲೆ, ಎಲ್ಲ ಕಣ್ಣಾರೆ ಕಂಡೂ “ಬಾಗಿಲಿಗೆ” ಅಂತ ಬರೆದವಳ ಮೇಲೆ.

1957ರಲ್ಲಿ ಕಲ್ಲಿದ್ದಲು ಮುಗಿಯಿತು. ಕಂಪನಿ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿಕೊಂಡು ಹೋಯಿತು, ಒಲೆಯ ಮೇಲೆ ಬುಲ್ಡೋಜರ್ ಹರಿಯಿತು. ಆ ದಿನ ಊರಿನವರೆಲ್ಲ ರಸ್ತೆಯಲ್ಲಿ ನಿಂತು ಅತ್ತರು ಅಂತ ಬರೆದಿದ್ದೀ. ನಾವು ಆ ರಸ್ತೆಗೆ ಹತ್ತೊಂಬತ್ತು ವರ್ಷ ಮೊದಲೇ ಬಂದಿದ್ದೆವು.

ಅವ್ವ ಹೋಗಿ ಮೂರು ವರ್ಷವಾಯಿತು. ಇಲ್ಲಿ ನಮ್ಮದೇ ಮನೆ, ನಮ್ಮದೇ ಬೀಗ, ನಮ್ಮದೇ ಒಲೆ. ಆದರೂ ಹಿಟ್ಟು ಉಂಡೆ ಮಾಡಿಟ್ಟ ಮೇಲೆ ಪ್ರತಿ ಸಲ ಅವಳ ಕೈ ಸೊಂಟಕ್ಕೆ ಹೋಗುತ್ತಿತ್ತು. ಅಲ್ಲೇ ಒಂದು ಗಳಿಗೆ ನಿಂತು, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದಳು. ಈ ಮನೆಯ ಬೀಗದಕೈಯನ್ನು ನಾನೇ ಒಂದು ಸಲ ಕೊಟ್ಟೆ. “ಬೇಡ ಬಿಡೇ, ಈಗ ಯಾರ್ ಬ್ರೆಡ್ ಜೊತೆ ಬೆರೆತುಹೋಗುತ್ತೆ?” ಅಂದಳು. ನಲವತ್ತೈದು ವರ್ಷ ಅವಳ ಬ್ರೆಡ್ಡಿನ ಮೇಲೆ ಗುರುತು ಬೀಳಲಿಲ್ಲ.

ಬರಹದಲ್ಲಿ “ಬಾಗಿಲಿಗೆ” ಅನ್ನುವುದನ್ನು ಹೊಡೆದು “ರಸ್ತೆಗೆ” ಅಂತ ಬರಿ. ಯಾಕೆ ರಸ್ತೆಗೆ ಅನ್ನುವುದನ್ನೂ ಬರಿ, ನಿನ್ನಪ್ಪನ ಹೆಸರು ಬೇಕಿಲ್ಲ. ಗಾಜಿನ ಪೆಟ್ಟಿಗೆಯಿಂದ ಬೀಗದಕೈ ತೆಗೆದು ಅಂಚೆಗೆ ಹಾಕು. ಅದು ತೆರೆಯುವ ಬಾಗಿಲು ಈ ಭೂಮಿಯ ಮೇಲೆ ಎಲ್ಲೂ ಇಲ್ಲ, ನನಗೆ ಗೊತ್ತು. ನನಗೆ ಅದು ಬಾಗಿಲಿಗೆ ಬೇಕಾಗಿಲ್ಲ, ಹಿಟ್ಟಿಗೆ ಬೇಕು.

ಕೊನೆಯ ಭಾನುವಾರ ನಾನು ಗುಡ್ಡಕ್ಕೆ ಬರುತ್ತೇನೆ. ಅಪ್ಪನ ಸಮಾಧಿಯ ಮೇಲೆ ಅವ್ವನ ಗುರುತಿನ ಬ್ರೆಡ್ಡು ಮುರಿಯಬೇಕು. ನಿನಗೂ ಒಂದು ತುಂಡು ಎತ್ತಿಡುತ್ತೇನೆ. ಈ ಸಲ ಯಾರೂ ತಿರುಗಿ ಕೊಡುವುದು ಬೇಡ.

ದೇವರು ನಿನಗೆ ಒಳ್ಳೆಯದು ಮಾಡಲಿ. ಸಿಟ್ಟಿನಲ್ಲೇ ಹಾರೈಸುತ್ತಿದ್ದೇನೆ, ಆದರೂ ನಿಜವಾಗಿ ಹಾರೈಸುತ್ತಿದ್ದೇನೆ.

41ನೇ ಮನೆಯ ಬೋರ್ಬಾಲಾಳ ಮಗಳು,
ಪಿರೋಶ್ಕಾ