ಕುಸುಮಕ್ಕನ ರೊಟ್ಟಿ ಲೆಕ್ಕದ ಎರಡನೇ ಭಾಗ

ಕೊಪ್ಪಳ ಸೀಮೆ,
ಫೆಬ್ರವರಿ ಮೂವತ್ತು, ಕ್ರಿ.ಶ. 2431

ಗಣಿತದ ಅಕ್ಕೋರು ಕುಸುಮಾ ಅಂಗಡಿ ಅವರಿಗೆ, ಫಕ್ಕೀರಪ್ಪ ಹೊಸಮನಿ ಮಾಸ್ತರನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಬಹಳ ಕಾಲದಿಂದ ಅನ್ಯಾಯವಾಗಿತ್ತೆಂದು ನಮ್ಮ ಹಿರಿಯರು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಬರಹದಲ್ಲಿ ನಿಮಗೆ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ 'ಸಬ್‌ಸ್ಕ್ರೈಬ್' ಎಂಬುದನ್ನು ನಾವೂ ತಲೆಮಾರುಗಳಿಂದ ಹಾಗೇ ಹೊಟ್ಟೆಗೆ ಹಾಕಿಕೊಂಡಿದ್ದೇವೆ. ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನಿಮ್ಮ ವಿಡಿಯೋದ ಕೆಳಗೆ ಕಾಮೆಂಟಾಗಿ ಬೀಳುತ್ತದಂತೆ. ಉದ್ದವಾಯಿತೆಂದು ಅಳಿಸಬೇಡಿ. ಹಿನ್ನಂಚೆಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸರದಿ, ನಾನು ನನ್ನದನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ನನ್ನ ಹೆಂಡತಿ ಇದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾಳೆ.

ನಮ್ಮ ಕಾಲದಲ್ಲಿ ಎಲ್ಲರ ಕಿವಿಯ ಹಿಂದೆಯೂ ಹುಣಸೆಬೀಜದಷ್ಟು ದೊಡ್ಡದೊಂದು ಉತ್ತರಗಾರ ಅಂಟಿಕೊಂಡಿರುತ್ತದೆ. ಪ್ರಶ್ನೆ ಬಾಯಿಗೆ ಬರುವ ಮೊದಲೇ ಅದು ಉತ್ತರ ಹೇಳಿಬಿಡುತ್ತದೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರಿಲ್ಲ, ಗಂಡಹೆಂಡತಿ ಜಗಳವಾಡಿದರೂ ಗೆದ್ದವರು ಯಾರೆಂದು ಅದೇ ಹೇಳುತ್ತದೆ. ಹೀಗಾಗಿ ಗಣಿತ ಕಲಿಸುವ ಶಾಲೆಗಳು ಒಂದೊಂದಾಗಿ ಗೋದಾಮುಗಳಾದವು. ನಮ್ಮದೊಂದು ಉಳಿದಿದೆ. ಮಕ್ಕಳು ಬಾಗಿಲ ಬಳಿಯ ಗಡಿಗೆಯಲ್ಲಿ ಉತ್ತರಗಾರವನ್ನು ಹಾಕಿ ಒಳಗೆ ಬಂದು ಕೈಲೆಕ್ಕ ಮಾಡುತ್ತಾರೆ. ಕೈಲೆಕ್ಕ ಅಂದರೆ ನೀವು ಬರೀ ಲೆಕ್ಕ ಎನ್ನುತ್ತಿದ್ದದ್ದೇ.

ಕಲಿಸಲು ಪಾಠ ಬೇಕಲ್ಲ. ಅದಕ್ಕೆ ನಾವು ಮಾಸ್ತರರು ಹಳೆಬಲೆಯನ್ನು, ಅಂದರೆ ನಿಮ್ಮ ಇಂಟರ್‌ನೆಟ್ಟನ್ನು, ಅಗೆಯುತ್ತೇವೆ. ನಿಮ್ಮ ಕಾಲದ ಶಿಕ್ಷಕರಿಗೆ ಅಲ್ಲಿ ಆಟ, ಚಿತ್ರಪಟ, ವರ್ಕ್‌ಶೀಟು ರಾಶಿರಾಶಿ ಸಿಗುತ್ತಿತ್ತಂತೆ. ಒಂದು ಹುಡುಕಲು ಹೋಗಿ ಹತ್ತು ಉಳಿಸಿಕೊಂಡು, ಕೊನೆಗೆ ಹಳೇ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಆ ವೈಭೋಗ ನಮಗಿಲ್ಲ. ಅಗೆದಷ್ಟೂ ಸಿಗುವುದು ಗುಲಾಬಿ ಹೂವಿನ ಶುಭೋದಯ, ಬೆಕ್ಕುಗಳು, ಕೂದಲು ಬೆಳೆಸುವ ಎಣ್ಣೆ. ಗಣಿತದ್ದೆಂದು ಸಿಕ್ಕಿದ್ದು ನಿಮ್ಮದೊಂದೇ ವಿಡಿಯೋ.

ಅದರಲ್ಲಿ ನೀವು ಅಡುಗೆಮನೆ ಬಾಗಿಲಲ್ಲಿ ಕೂತು, ಮೂರು ರೊಟ್ಟಿಯನ್ನು ಐದು ಮಕ್ಕಳಿಗೆ ಸಮನಾಗಿ ಹಂಚುತ್ತೀರಿ. ಮೂರನ್ನೂ ಅರ್ಧರ್ಧ ಮುರಿಯುತ್ತೀರಿ. ಒಬ್ಬೊಬ್ಬರಿಗೆ ಅರ್ಧ ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಒಂದು ಅರ್ಧ ಉಳಿಯುತ್ತದೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. "ಅಯ್ಯ ಶಿವನ, ಬ್ಯಾಳಿ ಸೀತೇನ! ಈ ಉಳದ ಅರ್ಧಾ ಏನ ಮಾಡೂದು ಅಂತ ಎರಡನೇ ಭಾಗದಾಗ ನೋಡೂಣು. ಲೈಕ್ ಮಾಡ್ರಿ, ಗಂಟಿ ಒತ್ರಿ," ಎಂದು ಅರ್ಧ ರೊಟ್ಟಿ ಹಿಡಿದೇ ಏಳುತ್ತೀರಿ. ಪರದೆ ಕಪ್ಪಾಗುತ್ತದೆ. ಕತ್ತಲಲ್ಲಿ ಏನನ್ನೋ ಕಡಿದ 'ಕರುಂ' ಎಂಬ ಸದ್ದು. ಎರಡನೇ ಭಾಗ ಎಲ್ಲಿ ಅಗೆದರೂ ಸಿಗಲಿಲ್ಲ.

ಸಿಕ್ಕಷ್ಟನ್ನೇ ನಾವು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದೆವು. ಲೆಕ್ಕ ಶುರುವಾಗುವ ಮೊದಲು ಮಕ್ಕಳು ಹೆಬ್ಬೆರಳು ಎತ್ತಿ ನಿಲ್ಲುತ್ತಾರೆ, ಆಮೇಲೆ ಗಂಟೆ ಒತ್ತುತ್ತಾರೆ. ಮೂಲೆಯ ಒಲೆಯಲ್ಲಿ ಬೇಳೆ ಇಟ್ಟಿರುತ್ತೇವೆ, ಕುಕ್ಕರ್ ಕೂಗಿದರೆ ತರಗತಿ ಮುಗಿಯಿತು. ಇನ್ನು ಆ 'ಕರುಂ' ಸದ್ದಿಗೆ ನಮ್ಮ ಹಿರಿಯ ಮಾಸ್ತರರು ಅರ್ಥ ಹಚ್ಚಿದರು: ಯಾವ ಲೆಕ್ಕದಲ್ಲಾದರೂ ಹಂಚಿ ಉಳಿದದ್ದು ಮಾಸ್ತರರಿಗೆ. ಉತ್ತತ್ತಿ ಹಂಚಿದರೂ ಸರಿ, ಬೆಲ್ಲ ಹಂಚಿದರೂ ಸರಿ. ಈ ಸೂತ್ರವನ್ನು ನಮ್ಮಲ್ಲಿ ಯಾವ ಮಾಸ್ತರನೂ ಪ್ರಶ್ನಿಸಿದ್ದಿಲ್ಲ. ನಮ್ಮ ಹೊಟ್ಟೆ ನೋಡಿದರೆ ನಿಮಗೇ ತಿಳಿಯುತ್ತದೆ.

ಹೋದ ತಿಂಗಳು, ಉತ್ತರಗಾರಗಳನ್ನು ನಡೆಸುವ ಉತ್ತರ ಮಂಡಳಿಯಿಂದ ತಪಾಸಣೆಗೆ ಬಂದರು. ಬಂದ ಅಧಿಕಾರಿ ಬಾಯಾರು ಖಡಕ್ ಹೆಂಗಸು. ಉತ್ತರಗಾರವಿಲ್ಲದೆ ಮಕ್ಕಳು ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಈ ಶಾಲೆಯೂ ಗೋದಾಮು ಎಂದರು. ಈ ಶಾಲೆ ಬಿಟ್ಟರೆ ನನಗೆ ಬೇರೆ ಕೆಲಸವೂ ಬರುವುದಿಲ್ಲ, ಬೇರೆ ಪ್ರೀತಿಯೂ ಇಲ್ಲ. ಇದ್ದದ್ದು ನಿಮ್ಮ ಲೆಕ್ಕ, ಅದನ್ನೇ ಹಚ್ಚಿದೆ. ಮಕ್ಕಳು ಹೆಬ್ಬೆರಳೆತ್ತಿದರು, ಗಂಟೆ ಒತ್ತಿದರು, ರೊಟ್ಟಿ ಮುರಿದರು, ಅರ್ಧರ್ಧ ಹಂಚಿದರು. ಒಂದು ಅರ್ಧ ಉಳಿಯಿತು. ರೂಢಿಯಂತೆ ನಾನು ಕೈ ಚಾಚಿದೆ.

ನಮ್ಮ ಹುಲಿಗೆಮ್ಮ ಎಂಬ ಹುಡುಗಿ ನನ್ನ ಕೈ ಸರಿಸಿದಳು. ಊಟಕ್ಕಿಂತ ಮಾತೇ ಮುಂದೆ ಅವಳದು. "ಸರ, ಐದು ಮಂದೀಗೆ ಹಂಚೂದು ಅಂದ್ರಿ. ನೀವು ಲೆಕ್ಕದಾಗ ಎಲ್ಲದೀರಿ?"

ನಾನು ಲೆಕ್ಕದಲ್ಲಿ ಎಲ್ಲಿದ್ದೇನೆ ಎಂದು ನಮ್ಮ ಹಿರಿಯರಾರೂ ಹೇಳಿಕೊಟ್ಟಿರಲಿಲ್ಲ. ಅವಳು ಆ ಅರ್ಧವನ್ನು ಐದು ತುಂಡು ಮಾಡಲು ಕೂತಳು. ಜೋಳದ ರೊಟ್ಟಿ, ಹೇಳಿದ ಹಾಗೆ ಎಲ್ಲಿ ಮುರಿಯುತ್ತದೆ? ಒಂದು ದೊಡ್ಡದಾಯಿತು, ಒಂದು ಪುಡಿಯಾಯಿತು. ಉಳಿದ ನಾಲ್ವರೂ ಮೇಲೆಬಿದ್ದರು, ನನಗೆ ಕಡಿಮೆ, ನಿನಗೆ ಹೆಚ್ಚು ಎಂದು ಚೂರಿಗೆ ಚೂರು ಹಚ್ಚಿ ಅಳೆದರು. ಒಂದು ಇಡೀ ರೊಟ್ಟಿಯಲ್ಲಿ ಇಂಥ ಚೂರು ಹತ್ತು ಆಗುತ್ತವೆಂದೂ, ತಮ್ಮ ಅರ್ಧದಲ್ಲಿ ಐದು ಇವೆಯೆಂದೂ, ಈಗ ಒಂದು ಕೂಡಿ ಆರಾಯಿತೆಂದೂ ಬಡಿದಾಡುತ್ತಲೇ ಕಂಡುಹಿಡಿದರು. ಕುಕ್ಕರ್ ಕೂಗಿತು. ಒಬ್ಬರೂ ಏಳಲಿಲ್ಲ. ಬಾಯಾರ ಕಿವಿಯ ಹಿಂದಿನ ಉತ್ತರಗಾರ ಯಾವಾಗಲೋ ಉತ್ತರ ಹೇಳಿಯಾಗಿತ್ತು. ಬಾಯಾರು ಅದನ್ನು ಕಿತ್ತು ಗಡಿಗೆಗೆ ಹಾಕಿ ಬಂದು, ಮಕ್ಕಳ ನಡುವೆ ನೆಲಕ್ಕೆ ಕೂತು, ತಾವೂ ಚೂರು ಅಳೆಯತೊಡಗಿದರು. ಬೇಳೆ ಸೀದುಹೋಯಿತು. ಶಾಲೆ ಉಳಿಯಿತು.

ಎರಡನೇ ಭಾಗ ಹಾಕಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಈ ಸರದಿಯನ್ನು ಇಷ್ಟು ವರ್ಷ ಕಾದಿಟ್ಟದ್ದು. ಈಗ ಬೇಡುತ್ತೇನೆ, ದಯವಿಟ್ಟು ಹಾಕಬೇಡಿ. ಅದು ಸಿಕ್ಕಿದ್ದರೆ ನಾವು ಅದನ್ನೂ ಹೆಬ್ಬೆರಳೆತ್ತಿ ಬಾಯಿಪಾಠ ಮಾಡುತ್ತಿದ್ದೆವು, ಹುಲಿಗೆಮ್ಮ ಬಾಯಿ ಬಿಡುತ್ತಿರಲಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ಏನೂ ಉಳಿಯುತ್ತಿಲ್ಲ. ನಾನು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ.

ಒಂದು ಮಾತ್ರ ತಿಳಿಸಿ, ಅಕ್ಕೋರೆ. ಪರದೆ ಕಪ್ಪಾದ ಮೇಲೆ ಆ ಅರ್ಧ ರೊಟ್ಟಿ ತಿಂದದ್ದು ನೀವೇ ಹೌದಲ್ಲ? ಹೌದು ಎಂದು ಈ ಕಾಮೆಂಟಿನ ಕೆಳಗೇ ಬರೆದುಬಿಡಿ, ನಾವು ಅಗೆದುಕೊಳ್ಳುತ್ತೇವೆ. ಇಷ್ಟು ತಲೆಮಾರಿನ ಮಾಸ್ತರರ ಮರ್ಯಾದೆ ಈಗ ಅದೊಂದರ ಮೇಲೆ ನಿಂತಿದೆ.

ನಿಮ್ಮ ವಿಧೇಯ,
ಫಕ್ಕೀರಪ್ಪ ಹೊಸಮನಿ