ನಡಿಗೆ ಹಾದಿಯ ಬೋರ್ಡಿನಿಂದ ನಾನು ಹೊಡೆದುಹಾಕಿದ ಎರಡು ಪದ

ಮಾನ್ಯ ಹಾದಿ ನಿರ್ವಹಣಾಧಿಕಾರಿಗಳೇ,

ರೈಲು ನಿಂತುಹೋಗಿದ್ದ ನಮ್ಮ ಕವಲು ದಾರಿಯನ್ನು ತಾವು ನಡೆಯುವ ಹಾದಿಯಾಗಿ ಮಾಡಿದಿರಿ. ಆ ಹಾದಿಯ ಗೇಟಿನಲ್ಲಿ ತಮ್ಮ ಕಾವಲುಗಾರ ನನ್ನ ಅಕ್ಕನ ಗಾಲಿಕುರ್ಚಿಯನ್ನು ತಡೆದು ವಾಪಸು ಕಳಿಸಿದ. ತಡೆಯುವಾಗ ಅವನು ಬೆರಳು ಮಾಡಿ ತೋರಿಸಿದ ಬೋರ್ಡು ನಾನು ಬರೆದದ್ದು. ದೂರು ಯಾರ ಮೇಲೆ ಎಂದು ಕೇಳಬೇಡಿ, ನಮ್ಮಿಬ್ಬರ ಮೇಲೂ. ನನ್ನ ಪಾಲಿನದನ್ನು ಮೊದಲು ಒಪ್ಪಿಸಿಬಿಡುತ್ತೇನೆ, ಆಮೇಲೆ ತಮ್ಮ ಪಾಲಿಗೆ ಬರುತ್ತೇನೆ.

ನಾನು ಬೋರ್ಡು ಬರೆಯುವವನು. ಔಷಧಿ ಅಂಗಡಿಯಿಂದ ಹಿಡಿದು ‘ನಾಯಿ ಇದೆ ಎಚ್ಚರಿಕೆ’ವರೆಗೆ ಈ ಊರಿನ ಅರ್ಧ ಗೋಡೆ ನನ್ನ ಕೈಯಲ್ಲೇ ಮಾತಾಡುತ್ತದೆ. ತಮ್ಮ ಕಚೇರಿ ಬರೆಯಲು ಕೊಟ್ಟ ವಾಕ್ಯ ಹೀಗಿತ್ತು: ‘ಮೋಟಾರು ಅಳವಡಿಸಿದ ಚಕ್ರದ ವಾಹನಗಳಿಗೆ ಈ ಹಾದಿಯಲ್ಲಿ ಪ್ರವೇಶಾವಕಾಶ ಇರುವುದಿಲ್ಲ.’ ಕೊಟ್ಟ ತಗಡೋ, ಒಬ್ಬರು ಕೂತು ಉಣ್ಣುವ ಮೇಜಿನಷ್ಟು. ಅಷ್ಟೂ ಪದ ತುರುಕಿದರೆ ಅಕ್ಷರ ಇರುವೆ ಸಾಲಿನ ಹಾಗಾಗುತ್ತದೆ. ನಮ್ಮ ಕಸುಬಿನವರಿಗೊಂದು ಜಂಬವಿದೆ. ಬೋರ್ಡು ಓದಲು ಯಾರೂ ನಿಲ್ಲಬಾರದು, ನಡೆಯುತ್ತಲೇ ಓದಿಕೊಂಡು ಹೋಗಬೇಕು. ಸೀಮೆಸುಣ್ಣದಲ್ಲಿ ಗೆರೆ ಹಾಕಿ ಅಳೆದು ನೋಡಿದೆ. ವಾಕ್ಯದ ಬಾಲವನ್ನು ಮೊಟಕು ಮಾಡಿ, ಮೊದಲೆರಡು ಪದಗಳನ್ನೂ ಹೊಡೆದುಹಾಕಿದೆ. ಉಳಿದದ್ದು, ‘ಚಕ್ರದ ವಾಹನಗಳಿಗೆ ಪ್ರವೇಶವಿಲ್ಲ.’ ಕಪ್ಪು ನೆಲ, ಹಳದಿ ಅಕ್ಷರ. ಎಷ್ಟು ಚೆನ್ನಾಗಿ ಕೂತಿತು ಅಂತೀರಿ! ರಸ್ತೆಯಾಚೆ ನಿಂತು ನೋಡಿ ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ತಮ್ಮ ಕಚೇರಿಗೆ ಫೋನ್ ಮಾಡಿ, “ಸಾರ್, ಸ್ವಲ್ಪ ಪದ ಕಡಿಮೆ ಮಾಡಿದೀನಿ, ಪರವಾಗಿಲ್ವಾ?” ಎಂದು ಕೇಳಿದ್ದೂ ಉಂಟು. “ಉದ್ಘಾಟನೆ ತಲೆ ಮೇಲೆ ಬಂದಿದೆ ಕಣಯ್ಯಾ, ನೋಡೋಕೆ ಚೆನ್ನಾಗಿದ್ರೆ ಸಾಕು” ಎಂಬ ಉತ್ತರ ಬಂತು. ಯಾವ ಪದ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ಆ ಸಾಲಿಗೆ ನಾನೂ ಸೇರಿದೆ.

ಈಗ ಅಕ್ಕನ ವಿಷಯ. ಅವಳು ಈ ಹಾದಿಯ ಆ ತುದಿಯಲ್ಲಿ, ಹಿಂದೆ ಕೊನೆಯ ಸ್ಟೇಷನ್ ಇದ್ದ ಹಳ್ಳಿಯಲ್ಲಿ, ಭಾವನ ಜೊತೆ ಇದ್ದಾಳೆ. ಅವಳದು ಪುಸ್ತಕ ಬೈಂಡಿಂಗ್ ಕೆಲಸ. ರೈಲಿದ್ದಾಗ ದಿನಾ ಊರಿಗೆ ಬಂದು, ಬೈಂಡಿಂಗ್ ಅಂಗಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಹೊಲಿಯುತ್ತಿದ್ದಳು. ರೈಲು ನಿಂತ ಮೇಲೆ ಬಸ್ಸು ಹತ್ತಿದಳು, ಸೊಂಟ ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲೂ ದೂರವಾಯಿತು. ರಸ್ತೆಯಲ್ಲಿ ಕುರ್ಚಿ ತಳ್ಳಿಕೊಂಡು ಬರೋಣವೆಂದರೆ ನಡುವೆ ಎರಡು ಗುಡ್ಡ. ರೈಲು ಓಡಿದ ನೆಲ ಮಾತ್ರ ಸಮ, ಯಾಕೆಂದರೆ ರೈಲಿಗೆ ಗುಡ್ಡ ಹತ್ತುವ ಶಕ್ತಿಯಿಲ್ಲ. ಹಾದಿಯಾಗುತ್ತದೆಂಬ ಸುದ್ದಿ ಬಂದ ದಿನ ಅಕ್ಕ ಫೋನಿನಲ್ಲಿ, “ರೈಲಿಗೂ ನನಗೂ ಒಂದೇ ಕಾಯಿಲೆ ಕಣೋ, ಏರು ಆಗಲ್ಲ. ಇನ್ನು ಕೆಲಸಕ್ಕೆ ಬರ್ತೀನಿ ನೋಡು!” ಎಂದು ನಕ್ಕಿದ್ದಳು. ಅಂಗಡಿಯ ಯಜಮಾನರೂ ಒಳ್ಳೆಯವರು, ಈ ತಿಂಗಳ ಕೊನೆಯವರೆಗೆ ಅವಳ ಮೇಜನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದರು.

ಹಾದಿ ತೆರೆದ ಮೊದಲ ಸೋಮವಾರ ಭಾವ ಅವಳ ಕುರ್ಚಿ ತಳ್ಳಿಕೊಂಡು ಹಳ್ಳಿ ತುದಿಯ ಗೇಟಿಗೆ ಬಂದರು. ಅವಳ ಮಡಿಲಲ್ಲಿ ಸೂಜಿ, ದಾರ, ಹಾಳೆ ಮಡಚಿ ಒತ್ತುವ ಮೂಳೆಯ ಪಟ್ಟಿ ಇದ್ದ ಚೀಲ. ಕಾವಲುಗಾರ, “ಚಕ್ರ ಇದೆಯಲ್ಲಮ್ಮ, ಬಿಡೋಕಾಗಲ್ಲ” ಅಂದ. ಭಾವ, “ಇದು ವಾಹನ ಅಲ್ಲಪ್ಪ, ಇವಳ ಕಾಲು” ಅಂದರು. ಅವನು ಬೋರ್ಡು ತೋರಿಸಿ ಜೋರಾಗಿ ಓದಿ ಹೇಳಿದ. ವಾಯುವಿಹಾರಿಗಳು ನಿಂತು ನೋಡಿದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವನನ್ನು ಬೈಯಲು ಹೊರಟವನು ನಾನೇ, ಆದರೆ ಅವನ ಬಾಯಿಗೆ ಆ ಮಾತು ಕೊಟ್ಟವರು ಯಾರು? ನನಗೆ ಹಲಗೆ ಮೇಲೆ ಅ, ಆ ತಿದ್ದಿಸಿದವಳು ಅಕ್ಕ. ನನ್ನ ಅಕ್ಷರದ ಬಾಲ ಯಾವ ಕಡೆ ತಿರುಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಬೋರ್ಡನ್ನು ಒಂದು ಸಲ ನೋಡಿ, “ನಡೀರಿ, ಮನೆಗೆ ಹೋಗೋಣ” ಅಂದಳಂತೆ. ಇದೆಲ್ಲ ಭಾವ ಹೇಳಿದ್ದು.

ಮರುದಿನವೇ ತಮ್ಮ ಕಚೇರಿಗೆ ಓಡಿಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಿರಲಿ, ಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದು, ತಪ್ಪು ನನ್ನದು, ಏಣಿ ನನ್ನದು, ಬಣ್ಣ ನನ್ನದು, ಈಗಲೇ ತಿದ್ದುತ್ತೇನೆ ಎಂದೆ. ಮೇಜಿನಾಚೆಯವರು, “ಅದು ಸರಿಹೋಯ್ತಲ್ಲ! ಬೋರ್ಡಿಗೂ ನಿಯಮಕ್ಕೂ ಹೊಂದಿಕೆ ಇರಲಿಲ್ಲ. ಬೋರ್ಡಲ್ಲಿ ಇರೋ ಹಾಗೆ ನಿಯಮಾನೇ ತಿದ್ದಿಬಿಟ್ವಿ” ಅಂದರು. ಮಾನ್ಯರೇ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡಿದ್ದೆ, ಹುಟ್ಟಿದ ಕರುವಿಗೆ ಹೆಸರನ್ನೂ ಇಟ್ಟವರನ್ನು ಮೊದಲ ಸಲ ಕಂಡೆ. ಹಾಗಾದರೆ ನಾನೇ ಹೋಗಿ ಎರಡು ಪದ ಸೇರಿಸುತ್ತೇನೆ ಎಂದರೆ, “ಬೋರ್ಡು ಮುಟ್ಟಿದ್ರೆ ದಂಡ. ಅದರ ಕೆಳಗೇ ಬರ್ದಿದೆ, ನೋಡ್ಕೊಳ್ಳಿ” ಅಂದರು. ನೋಡಿಕೊಳ್ಳುವುದೇನು ಬಂತು, ಆ ಸಾಲನ್ನೂ ಬರೆದವನು ನಾನೇ.

ಅಲ್ಲ ಸ್ವಾಮಿ, ನಾಲ್ಕು ಡಬ್ಬ ಬಣ್ಣ ಇಟ್ಟುಕೊಂಡವನು ಊರಿಗೆ ಕಾನೂನು ಮಾಡಬಹುದೇ? ಅಕ್ಷರ ದಪ್ಪ ಬರಲಿ ಎಂದು ನಾನು ಮಾಡಿದ ಕಿತಾಪತಿಗೆ ತಾವು ಮೊಹರು ಒತ್ತಬಹುದೇ? ಮೊನ್ನೆ ಒಬ್ಬ ತಂದೆ ಒಂದು ಹೆಗಲಲ್ಲಿ ಮಗು, ಇನ್ನೊಂದರಲ್ಲಿ ಮಡಚಿದ ತಳ್ಳುಗಾಡಿ ಹೊತ್ತು ಏದುಸಿರು ಬಿಡುತ್ತ ವಾಯುವಿಹಾರ ಮಾಡುತ್ತಿದ್ದ. ಒಂದು ಹೆಣ್ಣುಮಗು ದಾರ ಕಟ್ಟಿ ಎಳೆದು ತಂದಿದ್ದ ಆಟಿಕೆ ರೈಲನ್ನು ಗೇಟಿನಲ್ಲೇ ಬಿಡಿಸಿದರು. ರೈಲು ದಾರಿಯಲ್ಲಿ ರೈಲಿಗೇ ಪ್ರವೇಶವಿಲ್ಲ!

ಆ ಮಂಗಳವಾರ ತಮ್ಮ ಕಚೇರಿಯಿಂದ ನೇರ ಅಕ್ಕನ ಮನೆಗೆ ಹೋದೆ. ಹೋದದ್ದು ಅದೇ ಹಾದಿಯಲ್ಲಿ. ನನ್ನೆರಡು ಕಾಲು ನೆಟ್ಟಗಿವೆಯಲ್ಲ, ಯಾರೂ ಅಡ್ಡ ಬರಲಿಲ್ಲ. ಹಾದಿ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ, ನೆರಳಿದೆ, ನೆಲ ಮಟ್ಟಸವಾಗಿದೆ. ಮಟ್ಟಸವಾಗಿದ್ದಷ್ಟೂ ನನಗೆ ನಾಚಿಕೆಯಾಯಿತು. ಅಕ್ಕ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಮುಖ ನೋಡಿ, “ಅಕ್ಷರ ಚೆನ್ನಾಗಿ ಬಂದಿದೆ ಕಣೋ, ಅಷ್ಟು ದೂರದಿಂದಲೇ ಓದ್ಕೊಂಡೆ” ಅಂದಳು. ನಾನು ಬಾಯಿ ತೆರೆಯುವುದರೊಳಗೆ, “ಊಟ ಮಾಡ್ಕೊಂಡು ಹೋಗು” ಅಂದಳು. ಉಂಡೆ. ಅದೇ ಹಾದಿಯಲ್ಲಿ ನಡೆದು ವಾಪಸು ಬಂದೆ.

ನನ್ನ ಬೇಡಿಕೆ ಇಷ್ಟೇ. ತಿಂಗಳು ಮುಗಿಯುವುದರೊಳಗೆ ಆ ಎರಡು ಪದಗಳನ್ನು ನಿಯಮಕ್ಕೂ ಬೋರ್ಡಿಗೂ ವಾಪಸು ಕೊಡಿ. ಅಕ್ಷರ ಸಣ್ಣದಾಗಲಿ, ಸೊಟ್ಟಗಾಗಲಿ, ನೋಡಿದವರು ನಗಲಿ. ಕೊಡಲಾಗದಿದ್ದರೆ, ಕೊನೆಯ ಸೋಮವಾರ ಬೆಳಿಗ್ಗೆ ತಾವು ಗೇಟಿಗೆ ಬನ್ನಿ. ಅಂದು ಅಕ್ಕನ ಕುರ್ಚಿ ತಳ್ಳುವವನು ನಾನು. ಅವಳನ್ನು ಹೇಗೆ ಒಪ್ಪಿಸುತ್ತೇನೋ ಗೊತ್ತಿಲ್ಲ, ಕಾಲು ಹಿಡಿದಾದರೂ ಒಪ್ಪಿಸುತ್ತೇನೆ. ಪಾಪ, ಕಾವಲುಗಾರನನ್ನು ಬಿಟ್ಟುಬಿಡಿ. ತಾವೇ ಅವಳೆದುರು ನಿಂತು, ಅವಳ ಕಣ್ಣು ನೋಡಿಕೊಂಡು, ಆ ಬೋರ್ಡನ್ನು ಗಟ್ಟಿಯಾಗಿ ಓದಿ. ಬರೆದ ನನಗೇ ಅದು ಸಾಧ್ಯವಿಲ್ಲ.

ಇಂತಿ,
ಅಕ್ಷರಕ್ಕೆ ಜಾಗ ಮಾಡಲು ಹೋಗಿ ಅಕ್ಕನಿಗೆ ಜಾಗವಿಲ್ಲದಂತೆ ಮಾಡಿದ
ಬೋರ್ಡು ಬರೆಯುವವನು