ಸೀಟಿ ತಾಗುವ ಜಾಗ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಮೊದಲು ಎಲ್ಲಾದರೂ ಕೂತುಕೋ. ಕನ್ನಡಕ ಹಾಕಿಕೊಂಡು ನೀನೊಬ್ಬಳೇ ಓದು, ಸೊಸೆಯ ಕೈಲಿ ಓದಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಬೀಳುವಂತೆ ಕಿರುಚಬೇಕು, ಕಿರುಚಿದರೆ ನಮ್ಮ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಈ ಪತ್ರ.

ನನಗೆ ಕ್ಯಾನ್ಸರ್ ಅಂತ ನಿಮ್ಮೂರಲ್ಲೇ ಇರುವ ನನ್ನ ಮಗ ಬಂದು ಹೇಳಿದ್ದಾನಲ್ಲ. ಪ್ರಾಸ್ಟೇಟು, ವಯಸ್ಸಾದ ಗಂಡಸರಿಗೆ ಬರೋದು ಅಂತಲೂ ಹೇಳಿರಬೇಕು. ಅದು ಸುಳ್ಳು ಅಕ್ಕ. ಅವನ ಸುಳ್ಳಲ್ಲ, ನನ್ನದು. ನನಗೆ ಬಂದಿರುವುದು ಸ್ತನದ ಕ್ಯಾನ್ಸರ್. ಬರೆದ ಮೇಲೆ ಈ ಸಾಲನ್ನು ನಾನೇ ಮತ್ತೆ ಮತ್ತೆ ಓದಿಕೊಂಡೆ, ನಂಬಿಕೆ ಬರಲಿಲ್ಲ. ಗಂಡಸರಿಗೂ ಬರುತ್ತದಂತೆ. ಅಪರೂಪಕ್ಕೆ, ಅದೂ ಹೆಚ್ಚಾಗಿ ನನ್ನಂಥ ಮುದುಕರಿಗೆ. ಎಪ್ಪತ್ತು ದಾಟಿದರೂ ಇದೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ.

ಎಡಗಡೆ ಮೊಲೆತೊಟ್ಟಿನ ಪಕ್ಕ ಗಟ್ಟಿಯಾಗಿ ಒಂದು ಗಂಟಿತ್ತು. ಸೀಟಿ ಉಜ್ಜಿ ಉಜ್ಜಿ ಜಡ್ಡುಗಟ್ಟಿದೆ ಅಂದುಕೊಂಡಿದ್ದೆ. ಡ್ರಿಲ್ ಮಾಸ್ತರನ ಕೆಲಸದಿಂದ ನಿವೃತ್ತಿಯಾದರೂ ಬೆಳಗಿನ ಹೊತ್ತು ಮೈದಾನದಲ್ಲಿ ಹಿರಿಯರಿಗೆ ಕಸರತ್ತು ಮಾಡಿಸುತ್ತೇನಲ್ಲ, ಕೊರಳ ಸೀಟಿ ಸರಿಯಾಗಿ ಅದೇ ಜಾಗಕ್ಕೆ ತಾಗುತ್ತದೆ. ದಾರ ಗಿಡ್ಡ ಮಾಡಿಕೊಂಡೆ. ಅದೇ ನಾನು ಮಾಡಿಕೊಂಡ ಘನವಾದ ಚಿಕಿತ್ಸೆ! ಬನಿಯನ್ ಮೇಲೆ ರಕ್ತದ ಕಲೆ ಕಂಡ ದಿನ ಆಸ್ಪತ್ರೆಗೆ ಓಡಿದೆ.

ಅಲ್ಲಿ ಸ್ತನ ತಪಾಸಣೆಯ ಕೋಣೆಯ ಮುಂದೆ ಬೆಂಚಿನ ತುಂಬ ಹೆಂಗಸರು, ನಮ್ಮ ವಯಸ್ಸಿನವರೇ ಹೆಚ್ಚು. ಒಬ್ಬಾಕೆ ಚೀಲ ಸರಿಸಿ ಜಾಗ ಕೊಟ್ಟು, ಮನೆಯವರನ್ನ ಕರ್ಕೊಂಡು ಬಂದಿದ್ದೀರಾ ಅಂತ ಕೇಳಿದರು. ಹೂಂ ಅಂದುಬಿಟ್ಟೆ. ನನ್ನವಳು ಹೋಗಿ ಎಷ್ಟು ವರ್ಷವಾಯಿತು, ನಿನಗೇ ಗೊತ್ತು. ನರ್ಸು ನನ್ನ ನಂಬರು ಕೂಗಿದಾಗ ನಾನೇ ಏಳಬೇಕಾಯಿತಲ್ಲ, ಇಡೀ ಬೆಂಚು ನನ್ನತ್ತ ತಿರುಗಿತು. ಎದೆಯುಬ್ಬಿಸಿ ನಿಲ್ರೋ ಅಂತ ಆಯಸ್ಸೆಲ್ಲ ಮಕ್ಕಳನ್ನು ಗದರಿದವನು, ಅಂಗಿ ಅವಚಿಕೊಂಡು ತಲೆ ತಗ್ಗಿಸಿ ಒಳಗೆ ಹೋದೆ.

ಮನೆಗೆ ಬಂದರೆ ಎದುರಿಗೆ ಮಗಳು. ಬಾಯಿಗೆ ಬಂದದ್ದು ಪ್ರಾಸ್ಟೇಟು. ಅದೂ ಕ್ಯಾನ್ಸರೇ, ಆದರೆ ಗಂಡಸು ಹೇಳಿಕೊಳ್ಳಬಹುದಾದ ಕ್ಯಾನ್ಸರು ಅನ್ನಿಸಿತು. ನಗಬೇಡ. ಸುದ್ದಿ ಕೇಳಿ ಮಗ ಗಾಬರಿಬಿದ್ದು ತಾನೂ ರಕ್ತಪರೀಕ್ಷೆ ಮಾಡಿಸಿಕೊಂಡ. ಮಗಳು ನನ್ನ ಬೆನ್ನು ಸವರಿ, ಸದ್ಯ ಅದು ಹೆಂಗಸರ ತಂಟೆಗೆ ಬರಲ್ಲವಲ್ಲಪ್ಪ ಅಂತ ನಕ್ಕಳು. ನಾನೂ ನಕ್ಕೆ.

ಮೊನ್ನೆ ಡಾಕ್ಟರಮ್ಮ ಕೂರಿಸಿಕೊಂಡು, ಗಂಡಸರಿಗೆ ಇದು ಬಂದರೆ ಮನೆತನದಲ್ಲೇ ಇರಬಹುದು ಮೇಷ್ಟ್ರೇ, ಮಗಳು, ಅಕ್ಕತಂಗಿಯರು ಇದ್ದರೆ ತಡಮಾಡದೆ ತೋರಿಸಿ ಅಂದರು. ತಾಯಿ ಹೇಗೆ ತೀರಿಕೊಂಡರು ಅಂತಲೂ ಕೇಳಿದರು. ಹೃದಯ ನಿಂತುಹೋಯಿತು ಅಂದೆ. ಚಿಕ್ಕಂದಿನಲ್ಲಿ ನೀನು ನನಗೆ ಹೇಳಿದ್ದು ಅಷ್ಟೇ. ಅಮ್ಮ ಮಲಗಿದ್ದ ಕೋಣೆಗೆ ನೀನು ನನ್ನನ್ನು ಬಿಡುತ್ತಲೇ ಇರಲಿಲ್ಲ. ಒಳಗೆ ಬಿಸಿನೀರು, ಹತ್ತಿ ಹೋಗುತ್ತಿತ್ತು. ಹಿತ್ತಲಲ್ಲಿ ಒಗೆದ ಬಟ್ಟೆಪಟ್ಟಿಗಳು ಒಣಗುತ್ತಿದ್ದವು. ಹೃದಯದ ಕಾಯಿಲೆಗೆ ಪಟ್ಟಿ ಯಾರು ಕಟ್ಟುತ್ತಾರೆ ಅಕ್ಕ? ಆಗ ನೀನಾದರೂ ಇನ್ನೂ ಹುಡುಗಿ. ಯಾರಿಗೂ ಹೇಳಬೇಡ ಅಂತ ಅಮ್ಮನೇ ಮಾತು ತೆಗೆದುಕೊಂಡಿರಬೇಕು. ನಿನ್ನ ಮೇಲೆ ಕೋಪವಿಲ್ಲ. ಇಲ್ಲ, ಸ್ವಲ್ಪ ಇದೆ. ಆದರೆ ಈಗ ನಾನು ಮಾಡುತ್ತಿರುವುದೂ ಅದನ್ನೇ ತಾನೆ.

ಮುಂದಿನ ವಾರ ನನ್ನ ಆಪರೇಷನ್. ಅದರ ಹೆದರಿಕೆಯಿಲ್ಲ. ಹೆದರಿಕೆಯೆಲ್ಲ ಮಗಳ ಬಗ್ಗೆ. ಈ ಪತ್ರ ಮುಗಿಸಿ ಅವಳಿಗೆ ಹೇಳಿಬಿಡುತ್ತೇನೆ. ನೀನೂ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸು. ಈ ವಯಸ್ಸಿಗೆ ಇನ್ನೇನು ಅನ್ನಬೇಡ, ಆ ಬೆಂಚಿನಲ್ಲಿ ನಿನಗಿಂತ ದೊಡ್ಡವರಿದ್ದರು. ಅಮ್ಮನಿಗೆ ನಿಜಕ್ಕೂ ಏನಾಗಿತ್ತೆಂದು ಬರೆ.

ಇಂತಿ,
ಆ ಮುಚ್ಚಿದ ಬಾಗಿಲ ಹೊರಗೆ ಇನ್ನೂ ನಿಂತಿರುವ
ನಿನ್ನ ತಮ್ಮ

ತಾ.ಕ.: ಮಗಳಿಗೆ ಹೇಳಿದೆ. ಅಡುಗೆಮನೆಯಲ್ಲಿ ನಿಂತೇ ಕೇಳಿದಳು. ಅಳಲಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ನಂಗೂ ಒಂದು ಗಂಟಿದೆ ಅಪ್ಪ ಅಂದಳು. ಅವತ್ತು ನಕ್ಕಾಗಲೇ ಇತ್ತಂತೆ. ನಿಮ್ಮದಕ್ಕೂ ಇದಕ್ಕೂ ಸಂಬಂಧ ಇಲ್ಲವಲ್ಲ, ನಿಮ್ಮ ಆಪರೇಷನ್ ಮುಗಿದ ಮೇಲೆ ನಿಧಾನಕ್ಕೆ ತೋರಿಸೋಣ ಅಂತ ಸುಮ್ನಿದ್ದೆ ಅಂದಳು. ನಾಳೆ ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದೇವೆ. ಉತ್ತರ ಬರೆಯುತ್ತ ಕೂರಬೇಡ ಅಕ್ಕ, ಹೊರಟು ಬಾ.